ನಲ್ಲಿ ನೀರಿಗೆ ಕಲ್ಲಿನ ನೆನಪು

ಟ್ರೆಂಟ್ ನದಿಯ ಬಯಲಿನಿಂದ ಎದ್ದ ಮಂಜು ಇನ್ನೂ ಬೀದಿಗಳನ್ನು ಬಿಟ್ಟು ಹೋಗಿಲ್ಲ. ಹಾರ್ನಿಂಗ್ಲೋ ರಸ್ತೆಯ ಉದ್ದಕ್ಕೂ ಒಂದೇ ಒಂದು ಕಿಟಕಿಯಲ್ಲಿ ದೀಪವಿದೆ. ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರಿಗೆ ಸಾಮಾನು ಮಾರುವ ಅಂಗಡಿಯೊಂದರ ಹಿಂಕೋಣೆ ಅದು. ಒಳಗೆ ಗ್ಲೆನಿಸ್ ಟನಿಕ್ಲಿಫ್ ಕೋಟನ್ನೂ ಬಿಚ್ಚದೆ ಮೇಜಿನ ಮುಂದೆ ಕೂತು, ಬೆರಳುದ್ದದ ಗಾಜಿನ ಕೊಳವೆಯೊಂದನ್ನು ಬೆಳಕಿಗೆ ಹಿಡಿದಿದ್ದಾರೆ. ಕೊಳವೆಯಲ್ಲಿರುವುದು ಯಾರದೋ ಮನೆಯ ನಲ್ಲಿ ನೀರು. ಬಣ್ಣದ ದ್ರಾವಣ ಬಿದ್ದು ಅದು ದ್ರಾಕ್ಷಾರಸದಂತೆ ಕೆಂಪಾಗಿದೆ. ಇನ್ನೊಂದು ಸೀಸೆಯಿಂದ ಗ್ಲೆನಿಸ್ ಹನಿ ಬಿಡುತ್ತಾರೆ. ಒಂದು ಹನಿ ಬಿಟ್ಟು ಕೊಳವೆಯನ್ನು ಮೆಲ್ಲಗೆ ತೂಗುತ್ತಾರೆ. ಮತ್ತೊಂದು ಹನಿ, ಮತ್ತೆ ತೂಗು. ತೊಟ್ಟಿಲಿನ ಮಗುವನ್ನು ಮಲಗಿಸುವ ಕೈ ಅದು. ಕೆಂಪು ನೇರಳೆಯತ್ತ ತಿರುಗುತ್ತದೆ, ನೇರಳೆ ಸ್ವಲ್ಪ ಹಿಂಜರಿಯುತ್ತದೆ, ಆಮೇಲೆ ಯಾವುದೋ ಒಂದು ಹನಿಗೆ ಇಡೀ ಕೊಳವೆ ನೀಲಿಯಾಗಿಬಿಡುತ್ತದೆ.

“ಎದ್ದೆಯಾ,” ಎನ್ನುತ್ತಾರೆ ಗ್ಲೆನಿಸ್. ಹೇಳಿದ್ದು ನೀರಿಗೆ.

ಎಷ್ಟು ಹನಿಗೆ ನೀಲಿಯಾಯಿತು ಎನ್ನುವುದರ ಮೇಲೆ ಆ ನೀರು ಎಷ್ಟು ಕಲ್ಲನ್ನು ಕರಗಿಸಿಕೊಂಡು ಬಂದಿದೆ ಎಂದು ಗೊತ್ತಾಗುತ್ತದೆ. ಅದಕ್ಕೆ ಇನ್ನೆಷ್ಟು ಕೊಡಬೇಕು ಎನ್ನುವುದು ಗ್ಲೆನಿಸ್ ಅವರ ಕೆಲಸ. ಚಿನಿವಾರರ ತಕ್ಕಡಿಯಷ್ಟು ಚಿಕ್ಕದೊಂದು ತಕ್ಕಡಿಯಲ್ಲಿ ಜಿಪ್ಸಮ್ಮಿನ ಬಿಳಿ ಪುಡಿ ತೂಗಿ, ದೇವಸ್ಥಾನದಲ್ಲಿ ಕುಂಕುಮ ಕಟ್ಟಿಕೊಡುವ ಹಾಗೆ ಕಾಗದದಲ್ಲಿ ಮಡಚಿ, ಮೇಲೆ ಒಂದು ಹೆಸರು, ಒಂದು ಬೀದಿ ಬರೆಯುತ್ತಾರೆ. ಜೊತೆಗೆ ನಲ್ಲಿಯ ಕ್ಲೋರಿನ್ ಓಡಿಸಲು ಮಾತ್ರೆಯ ಒಂದು ಚೂರು. ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಮೇಜಿನ ತುಂಬ ಬಿಳಿ ಪೊಟ್ಟಣಗಳು, ರೆಕ್ಕೆ ಮಡಚಿ ಮಲಗಿದ ಪಾರಿವಾಳಗಳ ಹಾಗೆ.

ಬರ್ಟನ್ ಬಿಯರಿನ ಊರು. ಗಾಳಿ ಎತ್ತ ಬೀಸಿದರೂ ಮೊಳಕೆ ಬಾರ್ಲಿ ಬೇಯುವ ವಾಸನೆ ಇಲ್ಲಿಯದು. ಊರಿನ ಕೆಳಗೆ ಬಿಳಿಯ ಜಿಪ್ಸಮ್ ಕಲ್ಲಿನ ಹಾಸುಗಳಿವೆ. ಅವುಗಳ ನಡುವೆ ಎಷ್ಟೋ ಕಾಲ ಮಲಗಿ ಎದ್ದ ಬಾವಿ ನೀರಿನಿಂದಲೇ ಇಲ್ಲಿಯ ಕಹಿ ಬಿಯರಿಗೆ ಹೆಸರು ಬಂದದ್ದು. ಹಾಪ್ಸ್ ಬಳ್ಳಿಯ ಹೂ ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುತ್ತದೆ, ಆ ಕಹಿಗೆ ನಡತೆ ಕಲಿಸುವುದು ನೀರು. ದೂರದ ದೇಶಗಳಲ್ಲಿ ಬಿಯರ್ ಮಾಡುವವರು ತಮ್ಮ ನೀರಿಗೆ ಜಿಪ್ಸಮ್ ಬೆರೆಸುವಾಗ ಈ ಊರಿನ ಹೆಸರು ಹೇಳುತ್ತಾರೆ. ತಮಾಷೆಯೆಂದರೆ ಊರಿನ ಹೊಟ್ಟೆಯಲ್ಲಿರುವ ಆ ನೀರು ಊರಿನ ನಲ್ಲಿಗೆ ಬರುವುದಿಲ್ಲ. ನಲ್ಲಿಗೆ ಬರುವುದು ಬೇರೆಲ್ಲಿಂದಲೋ ಕೊಳವೆಯಲ್ಲಿ ಹರಿದು ಬಂದ ನೀರು. ಅದಕ್ಕೆ ಈ ಕಲ್ಲಿನ ನೆನಪಿಲ್ಲ. ಆ ನೆನಪನ್ನು ಪುಡಿ ಮಾಡಿ ಪೊಟ್ಟಣ ಕಟ್ಟುವವರು ಗ್ಲೆನಿಸ್.

“ಜಿಪ್ಸಮ್ ಕಹಿನ ಜಾಸ್ತಿ ಮಾಡಲ್ಲ, ನೆಟ್ಟಗೆ ನಿಲ್ಲಿಸುತ್ತೆ,” ಎಂದು ಅವರು, ತಮ್ಮ ಬಗ್ಗೆ ಬರೆಯಲು ಬಂದ ನನಗೆ ಬಿಡಿಸಿ ಹೇಳುತ್ತಾರೆ. “ಬಂತು, ಹೇಳೋದು ಹೇಳ್ತು, ಹೋಯ್ತು. ಹಂಗಿರ್ಬೇಕು ಕಹಿ. ಇದು ಕಮ್ಮಿ ಆದ್ರೆ ಸೋಮಾರಿ ಅಳಿಯನ ಥರ ನಾಲಿಗೆ ಮೇಲೆ ಬಿದ್ಕೊಂಡಿರುತ್ತೆ. ಜಾಸ್ತಿ ಆದ್ರೆ ಬೆಕ್ಕಿನ ಥರ ಪರಚುತ್ತೆ.”

ಸ್ವತಃ ಅವರು ಬಿಯರ್ ಮಾಡುವುದಿಲ್ಲ. ಕುಡಿಯುವುದೂ ಅಷ್ಟಕ್ಕಷ್ಟೆ, ಯಾರಾದರೂ ತಂದುಕೊಟ್ಟರೆ ಚಿಕ್ಕ ಲೋಟದಲ್ಲಿ ಹಾಕಿಕೊಂಡು, ಮೊದಲು ಮೂಸಿ, ಆಮೇಲೆ ಒಂದು ಗುಟುಕು ಕುಡಿದು ಕಿಟಕಿಯ ಕಡೆ ನೋಡುತ್ತಾ ಕೂರುತ್ತಾರೆ. ಆಗ ಅವರನ್ನು ಮಾತಾಡಿಸಬಾರದು.

ಅಂಗಡಿಯ ಯಜಮಾನ ಡೆಸ್ಮಂಡ್ ಬರುವುದು ಬಿಸಿಲು ಬಂದ ಮೇಲೆ. ಎತ್ತರದ, ಬಾಗಿದ ಮೈಯ ಮನುಷ್ಯ. ಬಂದವನೇ ಚಹಾಕ್ಕೆ ನೀರಿಡುತ್ತಾನೆ. ಎಲ್ಲರೂ ಎಲ್ಲರನ್ನೂ ‘ಡಕ್’ ಎಂದು ಬಾತುಕೋಳಿಯ ಹೆಸರಲ್ಲೇ ಪ್ರೀತಿಯಿಂದ ಕರೆಯುವ ಊರಿದು.

“ಕೋಟು ಬಿಚ್ಚು ಡಕ್. ಹೀಟರಿಗೆ ದುಡ್ಡು ಕೊಡೋನು ನಾನು.”

“ಅದಕ್ಕೇ ಹಾಕ್ಕೊಂಡಿದೀನಿ. ನಿನ್ನ ಹೀಟರ್ ನಂಬ್ಕೊಂಡು ಬದುಕೋಕಾಗುತ್ತಾ?”

ವಾರದಲ್ಲಿ ನಾಲ್ಕು ಬೆಳಗು ಗ್ಲೆನಿಸ್ ಇಲ್ಲಿರುತ್ತಾರೆ. ಸಂಬಳ ಪೊರಕೆ ಹಿಡಿದದ್ದಕ್ಕೆ, ಕಪಾಟು ಜೋಡಿಸಿದ್ದಕ್ಕೆ. ಪೊಟ್ಟಣಗಳಿಗೆ ಬೆಲೆಯಿಲ್ಲ, ಬಾರ್ಲಿ ಕೊಂಡವರಿಗೆ ಅದು ಪುಕ್ಕಟೆ. ಒಳ್ಳೆಯ ವಾರದಲ್ಲಿ ಮೂವತ್ತು ಪೊಟ್ಟಣ ಹೋಗುತ್ತವೆ, ಹಬ್ಬ ಹತ್ತಿರವಾದಾಗ ಇನ್ನೂ ಹೆಚ್ಚು. ಊರಿನಲ್ಲಿ ಶರತ್ಕಾಲಕ್ಕೆ ನಡೆಯುವ ಮನೆ ಬಿಯರಿನ ಪ್ರದರ್ಶನದಲ್ಲಿ ಗೆದ್ದ ಬಾಟಲಿಗಳ ಮುಂದೆ ಒಂದೊಂದು ಚೀಟಿ ಇಟ್ಟಿರುತ್ತದೆ: ಯಾವ ಬಾರ್ಲಿ, ಯಾವ ಹಾಪ್ಸ್, ಯಾವ ಯೀಸ್ಟ್, ಮಾಡಿದವರು ಯಾರು. ನೀರಿನ ಮಾತು ಅದರಲ್ಲಿ ಇರುವುದಿಲ್ಲ. ಅದರ ಬಗ್ಗೆ ಕೇಳಿದರೆ ಗ್ಲೆನಿಸ್‌ಗೆ ನಗು. ಲೋಟ ತೊಳೆದವರ ಹೆಸರನ್ನೂ ಯಾರೂ ಬರೆಯುವುದಿಲ್ಲವಲ್ಲ ಎನ್ನುತ್ತಾರೆ.

ಲೋಟ ತೊಳೆಯುವುದು ಅವರಿಗೆ ಬರಿಯ ಮಾತಲ್ಲ. ಶಾಲೆ ಬಿಟ್ಟ ಹುಡುಗಿ ಮೊದಲು ಸೇರಿದ್ದು ಇಲ್ಲಿಯ ದೊಡ್ಡದೊಂದು ಬಿಯರ್ ಕಾರ್ಖಾನೆಯ ಬಾಟಲಿ ತುಂಬುವ ವಿಭಾಗಕ್ಕೆ. ಸಾವಿರಾರು ಬಾಟಲಿಗಳು ಒಂದಕ್ಕೊಂದು ತಾಗುತ್ತಾ ಓಡುವ ಆ ಸದ್ದಿಗೆ ಎಡಗಿವಿ ಹೋಯಿತು. ಆಮೇಲೆ ಅವರನ್ನು ಪ್ರಯೋಗಾಲಯಕ್ಕೆ ಹಾಕಿದರು, ಗಾಜಿನ ಲೋಟ, ಕೊಳವೆ ತೊಳೆಯುವುದಕ್ಕೆ. ಅಲ್ಲಿ ನೀರು ಪರೀಕ್ಷಿಸುತ್ತಿದ್ದ ಆರ್ಮ್ ಎನ್ನುವವರ ಕಣ್ಣಿಗೆ ಪೊರೆ ಬರುತ್ತಿತ್ತು. ಕೆಂಪು ಯಾವಾಗ ನೀಲಿಯಾಯಿತೆಂದು ಅವರಿಗೆ ಕಾಣುತ್ತಿರಲಿಲ್ಲ, ಅದನ್ನು ಯಾರಿಗೂ ಹೇಳುವ ಹಾಗೂ ಇರಲಿಲ್ಲ. ಗ್ಲೆನಿಸ್ ಕೇಳದ ಕಿವಿಯನ್ನು ಗೋಡೆಗೆ ಮಾಡಿ, ಕೇಳುವ ಕಿವಿಯನ್ನು ಅವರ ಕಡೆ ಮಾಡಿ ಪಕ್ಕದಲ್ಲಿ ನಿಲ್ಲುತ್ತಿದ್ದರು. ಅವರು “ಈಗ?” ಎನ್ನುವರು. ಇವರು “ಇನ್ನೂ ಇಲ್ಲ” ಎನ್ನುವರು. ಮತ್ತೆ “ಈಗ?” ಹೀಗೇ ವರ್ಷಗಳು.

“ಅಷ್ಟು ಗಲಾಟೆಯಿಂದ ಬಂದೋಳಿಗೆ ಆ ಹನಿ ಬೀಳೋ ಮೌನ ಸ್ವರ್ಗ ಅನಿಸ್ತಿತ್ತು,” ಎನ್ನುತ್ತಾರೆ.

ಕಾರ್ಖಾನೆ ಕೈ ಬದಲಾಯಿತು, ಪ್ರಯೋಗಾಲಯಕ್ಕೆ ಬೀಗ ಬಿತ್ತು. ಆಮೇಲಿನದು ಶಾಲೆಯೊಂದರ ನೆಲ ಒರೆಸಿದ್ದು, ಎದೆಯ ಕಾಯಿಲೆಯ ಗಂಡನನ್ನು ನೋಡಿಕೊಂಡದ್ದು, ಅವನು ಹೋದ ಮೇಲೆ ಈ ಅಂಗಡಿಗೆ ಪೊರಕೆ ಹಿಡಿದು ಬಂದದ್ದು. ಒಂದು ದಿನ ಗಿರಾಕಿಯೊಬ್ಬ ತನ್ನ ಬಿಯರ್ ಆಸ್ಪತ್ರೆಯ ಬ್ಯಾಂಡೇಜಿನಂತೆ ನಾರುತ್ತದೆ ಎಂದು ಗೋಳಾಡುತ್ತಿದ್ದಾಗ, ಗುಡಿಸುತ್ತಲೇ ಇದ್ದ ಗ್ಲೆನಿಸ್ ಅದು ನಲ್ಲಿಯ ಕ್ಲೋರಿನ್ನಿನ ಕೆಲಸ ಎಂದರಂತೆ. ಪೊಟ್ಟಣಗಳು ಶುರುವಾದದ್ದು ಅಲ್ಲಿಂದ.

ಅವರ ಪೊಟ್ಟಣದ ಹಳೆಯ ಗಿರಾಕಿಗಳಲ್ಲಿ ಒಬ್ಬರು ನದಿಯ ಆಚೆ ದಡದ ಸ್ಟೇಪನ್‌ಹಿಲ್‌ನ ನೆವಿಲ್ ಶಿಪ್ಲಿ. ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದವರು. ಹಿತ್ತಿಲ ಗೋಡೆಗೆ ಹಾಪ್ಸ್ ಬಳ್ಳಿ ಹಬ್ಬಿಸಿ, ಅದರ ಹೂವಿನಿಂದಲೇ ಬಿಯರ್ ಮಾಡುತ್ತಿದ್ದರು. ಕೊಯ್ದು ಒಣಗಿಸಿದ ಹುಲ್ಲಿನ ಬಣ್ಣ, ಕಿತ್ತಳೆ ಸಿಪ್ಪೆಯ ಪರಿಮಳ, ಎಷ್ಟು ಬೇಕೋ ಅಷ್ಟೇ ನಿಂತು ಹೊರಡುವ ಕಹಿ. ಊರಿನ ಬಿಯರ್ ಬಳಗದಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಗ್ಲೆನಿಸ್ ಬಾಯಿಬಿಟ್ಟು ಹೇಳಿದವರಲ್ಲ, ಆದರೆ ನೆವಿಲ್ ಬಿಯರೇ ಅವರ ಅಳತೆಗೋಲು. ತನ್ನ ಪೊಟ್ಟಣ ಹೇಗೆ ಕೆಲಸ ಮಾಡಬೇಕೋ ಹಾಗೆ ಮಾಡಿದ್ದು ಆ ಒಂದು ಲೋಟದಲ್ಲಿ ಎಂದು ಅವರು ನಂಬಿದ್ದರು. ಉಳಿದವರು, ಅದರಲ್ಲೂ ಡೆಸ್ಮಂಡ್, ತಮ್ಮ ಬಿಯರ್ ಗಂಟಲು ಪರಚುತ್ತದೆ ಎಂದು ದೂರಿದರೆ ಸಿದ್ಧ ಉತ್ತರವಿತ್ತು: ನೆವಿಲ್‌ಗೂ ಇದೇ ಲೆಕ್ಕದ ಪೊಟ್ಟಣ, ನಿನ್ನ ಕುದಿಸುವುದರಲ್ಲೇ ಏನೋ ತಪ್ಪಿದೆ.

ಈ ವರ್ಷ ಚಳಿ ಕಳೆಯುವ ಮುಂಚೆ ನೆವಿಲ್ ತೀರಿಕೊಂಡರು.

ಬಳಗದಲ್ಲಿ ಒಂದು ಪದ್ಧತಿಯಿದೆ. ಸದಸ್ಯರೊಬ್ಬರು ತೀರಿಕೊಂಡರೆ ಅವರದೇ ಅಡುಗೆಮನೆಯಲ್ಲಿ, ಅವರದೇ ಪಾತ್ರೆಯಲ್ಲಿ, ಅವರು ಬಿಟ್ಟುಹೋದ ಸಾಮಾನಿನಿಂದ ಅವರ ಬಿಯರನ್ನು ಒಂದು ಸಲ ಮಾಡುತ್ತಾರೆ. ‘ಕೊನೆಯ ಕುದಿ’ ಎನ್ನುತ್ತಾರೆ ಅದಕ್ಕೆ. ಅದು ಸಿದ್ಧವಾದ ದಿನ ಮೊದಲ ಲೋಟ ಮನೆಯವರಿಗೆ. ಅವರು ಕುಡಿದು ಒಂದು ಮಾತು ಆಡುವ ತನಕ ಬೇರೆ ಯಾರೂ ಲೋಟ ಮುಟ್ಟುವುದಿಲ್ಲ. ಹಿಂದೊಮ್ಮೆ ಒಬ್ಬರ ಹೆಂಡತಿ ಕುಡಿದು, ಮುಗುಳ್ನಕ್ಕು, “ಚೆನ್ನಾಗಿದೆ” ಎಂದರಂತೆ, ಬೇರೆಯವರ ಮನೆಯಲ್ಲಿ ಮರ್ಯಾದೆಗೆ ಅನ್ನುವ ಹಾಗೆ. ಎಲ್ಲರಿಗೂ ಅರ್ಥವಾಯಿತು, ಅದು ಅವರ ಗಂಡನ ಬಿಯರ್ ಆಗಿರಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಬಳಗದವರು ತಲೆ ತಗ್ಗಿಸುತ್ತಾರೆ.

ನೆವಿಲ್ ಬಿಟ್ಟುಹೋದದ್ದು ಫ್ರೀಜರಿನಲ್ಲಿ, ಬಟಾಣಿ ಪ್ಯಾಕೆಟ್ಟಿನ ಕೆಳಗೆ, ಒಣಗಿಸಿದ ಹೂವಿನ ಒಂದೇ ಚೀಲ. ಬಳ್ಳಿಗೆ ಹೋದ ವರ್ಷವೇ ಸೊರಗು ರೋಗ ಹತ್ತಿ, ಬೇರುಸಹಿತ ಅಗೆದು ತೆಗೆದಾಗಿತ್ತು. ಆ ಹೂವಿನಿಂದ ಒಂದು ಸಲ ಮಾಡಬಹುದು. ಕೆಟ್ಟರೆ ಮುಗಿಯಿತು, ಆ ರುಚಿ ಮತ್ತೆಂದೂ ಇಲ್ಲ. ಬಾರ್ಲಿಯ ಅಳತೆ, ಕುದಿಸುವ ಹೊತ್ತು ಎಲ್ಲ ಡೆಸ್ಮಂಡ್‌ಗೆ ಬಾಯಿಪಾಠ. ನೀರು ಗ್ಲೆನಿಸ್ ಪಾಲಿನದು.

ಮೇ ತಿಂಗಳ ಒಂದು ಬೆಳಿಗ್ಗೆ ಅವರ ಜೊತೆ ನಾನೂ ಸೇತುವೆ ದಾಟಿ ಆ ಮನೆಗೆ ಹೋಗುತ್ತೇನೆ. ಕೆಳಗೆ ಬಯಲಿನ ಮಂಜಿನಲ್ಲಿ ಹಂಸಗಳ ಕತ್ತು ಮಾತ್ರ ಕಾಣುತ್ತದೆ, ಮೈ ಕಾಣುವುದಿಲ್ಲ. ಗ್ಲೆನಿಸ್ ಕೋಟಿನ ಜೇಬಿನಲ್ಲಿರುವ ಪೊಟ್ಟಣವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಾರೆ. ಹಿಂದಿನ ದಿನವೇ ಆ ಮನೆಯ ನಲ್ಲಿ ನೀರು ತರಿಸಿ, ಎರಡು ಸಲ ಹನಿ ಬಿಟ್ಟು ನೋಡಿ, ಎಂದಿನಂತೆಯೇ ತೂಗಿ ಕಟ್ಟಿದ ಪೊಟ್ಟಣ ಅದು.

ನೆವಿಲ್ ಅವರ ಹೆಂಡತಿ ಏವಿಸ್ ಅಡುಗೆಮನೆಯಲ್ಲಿ ಓಟ್‌ಕೇಕ್ ಬಿಸಿ ಮಾಡುತ್ತಿದ್ದಾರೆ. ಓಟ್ಸ್ ಹಿಟ್ಟಿನ ಮೆತ್ತನೆಯ ದೋಸೆ, ನಡುವೆ ಕರಗುವ ಚೀಸ್. ಪಕ್ಕದ ಒಲೆಯ ಮೇಲೆ ನೆವಿಲ್ ಅವರ ದೊಡ್ಡ ಪಾತ್ರೆ. ಡೆಸ್ಮಂಡ್ ಆಗಲೇ ನೀರು ಕಾಯಿಸಲಿಟ್ಟಿದ್ದಾನೆ. ಏವಿಸ್ ಚಿಕ್ಕ ದೇಹದ ಹೆಂಗಸು. ಬಂದವರಿಗೆ ಕುರ್ಚಿ ಕೊಡುವುದಕ್ಕೆ ಮುಂಚೆ ತಟ್ಟೆ ಕೊಡುತ್ತಾರೆ. ನೀರು ಬೆಚ್ಚಗಾದಾಗ ಗ್ಲೆನಿಸ್ ಮಾತ್ರೆಯ ಚೂರನ್ನು ಪುಡಿ ಮಾಡಿ ಹಾಕುತ್ತಾರೆ. ಆಮೇಲೆ ಪೊಟ್ಟಣ ಬಿಚ್ಚಿ ಪಾತ್ರೆಯ ಮೇಲೆ ಹಿಡಿಯುತ್ತಾರೆ.

ಓಟ್‌ಕೇಕ್ ಮಗುಚುತ್ತಲೇ ಏವಿಸ್ ಕೇಳುತ್ತಾರೆ: “ಪೂರ್ತಿ ಹಾಕ್ತೀಯಾ?”

ಗ್ಲೆನಿಸ್‌ಗೆ ಸರಿಯಾಗಿ ಕೇಳಿಸಲಿಲ್ಲ. ಒಳ್ಳೆಯ ಕಿವಿಯನ್ನು ತಿರುಗಿಸುತ್ತಾರೆ.

“ಪೂರ್ತಿನಾ ಅಂದೆ. ಅವನು ಅರ್ಧ ಹಾಕ್ತಿದ್ದ. ಉಳಿದರ್ಧ ಬಳ್ಳಿ ಬುಡಕ್ಕೆ. ನೀನೇ ಹಂಗೆ ಹೇಳ್ಕೊಟ್ಟಿದ್ದು ಅಂದ್ಕೊಂಡಿದ್ದೆ ನಾನು.”

ಗ್ಲೆನಿಸ್ ಕಾಗದವನ್ನು ಪಾತ್ರೆಯಿಂದ ಈಚೆ ತಂದು ಮೇಜಿನ ಮೇಲಿಡುತ್ತಾರೆ, ತುಂಬಿದ ಬಟ್ಟಲು ಇಟ್ಟ ಹಾಗೆ. ಯಾವಾಗಿನಿಂದ ಎಂದು ಮೆಲ್ಲಗೆ ಕೇಳುತ್ತಾರೆ. ಮೊದಲ ವರ್ಷ ಬಿಟ್ಟರೆ ಯಾವಾಗಲೂ ಎನ್ನುತ್ತಾರೆ ಏವಿಸ್. ಮೊದಲ ವರ್ಷದ್ದು ಪರಚುತ್ತಿತ್ತಂತೆ. ಗ್ಲೆನಿಸ್ ಅಷ್ಟು ಅಚ್ಚುಕಟ್ಟಾಗಿ ಮಡಚಿ ಕೊಡುತ್ತಾಳೆ, ಹೇಗೆ ಹೇಳುವುದು ಎಂದು ನೆವಿಲ್ ಸುಮ್ಮನಾದರಂತೆ.

ಡೆಸ್ಮಂಡ್ ಕುರ್ಚಿಗೆ ಕೈ ಊರಿ ನಿಧಾನವಾಗಿ ಕೂರುತ್ತಾನೆ. “ನನ್ನ ಕುದಿಸೋದ್ರಲ್ಲಿ ತಪ್ಪಿತ್ತು ಅಲ್ವಾ ಡಕ್,” ಎನ್ನುತ್ತಾನೆ. “ಇಷ್ಟು ವರ್ಷ ಗಂಟಲು ಕೆರ್ಕೊಂಡು ಕುಡಿದೆ.”

ಗ್ಲೆನಿಸ್ ನಗುವುದಿಲ್ಲ. ಅವರ ಮುಖ ನೋಡಿ ಅವನೂ ನಗು ನುಂಗಿಕೊಳ್ಳುತ್ತಾನೆ. ಅವರ ಮುಂದೆ ಈಗ ಎರಡು ನೀರುಗಳಿವೆ. ಒಂದು ಅವರು ಹನಿ ಹನಿಯಾಗಿ ಅಳೆದು ನಂಬಿದ್ದು, ಇನ್ನೊಂದು ವಯಸ್ಸಾದ ಹೆಂಗಸೊಬ್ಬಳ ನೆನಪಿನಲ್ಲಿರುವುದು. ನೆನಪು ತಪ್ಪಿದ್ದರೆ? ಒಂದೆರಡು ಸಲ ಹಾಗೆ ಮಾಡಿದ್ದನ್ನೇ ಏವಿಸ್ ಯಾವಾಗಲೂ ಎಂದುಕೊಂಡಿದ್ದರೆ? ಹೂವಿನ ಚೀಲ ಮೇಜಿನ ಮೇಲೆ ಮಂಜು ಬಿಡುತ್ತಾ ಮೆತ್ತಗಾಗುತ್ತಿದೆ.

ಅವರು ಹಿತ್ತಿಲ ಬಾಗಿಲು ತೆರೆದು ಹೊರಗೆ ಹೋಗುತ್ತಾರೆ. ಬಳ್ಳಿ ಇದ್ದ ಗೋಡೆ ಬೋಳಾಗಿದೆ. ತಂತಿ ಕಟ್ಟಿದ ಮೊಳೆಗಳು ಮಾತ್ರ ಉಳಿದಿವೆ. ಈ ದಡದ ಮಣ್ಣು ಕೆಂಪು ಜೇಡಿ. ಬೂಟಿಗೆ ಹತ್ತಿದರೆ ಚಾಕುವಿನಲ್ಲಿ ಕೆರೆಯಬೇಕು. ಗ್ಲೆನಿಸ್ ಗೋಡೆಯಿಂದ ದೂರದಲ್ಲಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಸುಕುತ್ತಾರೆ. ಅದು ನಾದಿದ ಹಿಟ್ಟಿನಂತೆ ಬೆರಳಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬೇರು ಅಗೆದ ಗುಂಡಿಯ ಅಂಚಿನಿಂದ ಒಂದು ಹಿಡಿ. ಹಿಸುಕಿದರೆ ಅದು ಹಳೆಯ ಕೇಕಿನ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. ತೋಟ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ: ಜೇಡಿ ಮಣ್ಣನ್ನು ಹೀಗೆ ಬಿಡಿಸುವುದು ಜಿಪ್ಸಮ್, ಅದೂ ವರ್ಷಗಟ್ಟಲೆ ಬಿದ್ದರೆ.

ಮತ್ತೊಂದು ಹಿಡಿ ತೆಗೆದು ಉದುರಿಸುತ್ತಾರೆ. ಮತ್ತೊಂದು. ತನ್ನ ಮೇಜಿನ ಎಷ್ಟು ಬೆಳಗುಗಳು ಆ ಮಣ್ಣಿನಲ್ಲಿ ಇದ್ದವೋ.

ಒಳಗೆ ಬಂದು ಕೈ ತೊಳೆದು, ಪುಡಿಯನ್ನು ಕಾಗದದ ನಡುವೆ ಬೆರಳಿನಿಂದ ಎರಡು ಪಾಲು ಮಾಡಿ, ಒಂದು ಪಾಲನ್ನು ಪಾತ್ರೆಗೆ ಸುರಿಯುತ್ತಾರೆ. ನೀರು ಒಂದು ಕ್ಷಣ ಹಾಲಿನಂತೆ ಬೆಳ್ಳಗಾಗಿ ತಿಳಿಯಾಗುತ್ತದೆ. ಉಳಿದದ್ದನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಡೆಸ್ಮಂಡ್ ಬಾರ್ಲಿ ಸುರಿದು ಕಲಕುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಹೂವು ಕುದಿಯುವ ವಾಸನೆ ಮನೆಯನ್ನೆಲ್ಲ ತುಂಬಿ, ಮಹಡಿಯ ಮೆಟ್ಟಿಲೇರಿ, ಹಾಸಿಗೆಯಲ್ಲಿ ಈಗ ಯಾರೂ ಮಲಗದ ಆ ಬದಿಯ ತನಕ ಹೋಗುತ್ತದೆ. ಏವಿಸ್ ಕಿಟಕಿ ತೆರೆಯಲು ಬಿಡುವುದಿಲ್ಲ.

ಬಿಯರ್ ಹುದುಗುವ ವಾರಗಳಲ್ಲಿ ಗ್ಲೆನಿಸ್ ಎಂದಿಗಿಂತ ಕಡಿಮೆ ಮಾತಾಡುತ್ತಾರೆ. ಒಂದು ಬೆಳಿಗ್ಗೆ ಹನಿ ಬಿಡುತ್ತಾ ತನಗೆ ಬಿದ್ದ ಕನಸು ಹೇಳುತ್ತಾರೆ. ಇದೇ ಮೇಜಿಗೆ ನೆವಿಲ್ ಬಂದು ಕೂತಿದ್ದರಂತೆ, ಕೈಯಲ್ಲಿ ಕೊಳವೆ, ಅದರಲ್ಲಿ ಕೆಂಪು ನೀರು. ಎಷ್ಟು ತೂಗಿದರೂ ಬಣ್ಣ ಬದಲಾಗುತ್ತಿರಲಿಲ್ಲವಂತೆ. ಸಿಟ್ಟು ಬಂತೇ ಎಂದು ಕೇಳುತ್ತೇನೆ. “ಬಂತು,” ಎನ್ನುತ್ತಾರೆ. “ಅರ್ಧ ಹಾಕಿದ್ದಕ್ಕಲ್ಲ. ನಾನು ಬೇಜಾರಾಗ್ತೀನಿ ಅಂದ್ಕೊಂಡನಲ್ಲ, ಅದಕ್ಕೆ. ಅವನು ಒಂದ್ ಮಾತು ಹೇಳಿದ್ರೆ ಪಾಪ ಈ ಡೆಸ್ಮಂಡ್ ಗಂಟಲೂ ಉಳೀತಿತ್ತು.”

ಜೂನ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಇಳಿಯುವ ಹೊತ್ತು. ಬೋಳು ಗೋಡೆಯ ಹಿತ್ತಿಲಿನಲ್ಲಿ ಬಳಗದವರೆಲ್ಲ ಸೇರಿದ್ದಾರೆ. ಡೆಸ್ಮಂಡ್ ಮೊದಲ ಬಾಟಲಿ ತೆರೆದು ನೆವಿಲ್ ಅವರ ಲೋಟಕ್ಕೆ ಸುರಿದು ಏವಿಸ್ ಕೈಗೆ ಕೊಡುತ್ತಾನೆ. ಗ್ಲೆನಿಸ್ ಎಲ್ಲರ ಹಿಂದೆ, ಬಾಗಿಲ ಹತ್ತಿರ. ಕೇಳುವ ಕಿವಿ ಮುಂದಕ್ಕೆ, ಕಣ್ಣು ನೆಲಕ್ಕೆ.

ಏವಿಸ್ ಒಂದು ಗುಟುಕು ಕುಡಿಯುತ್ತಾರೆ. ಸ್ವಲ್ಪ ಹೊತ್ತು ಲೋಟದ ಒಳಗೇ ನೋಡುತ್ತಾರೆ. ಅವರ ಹುಬ್ಬು ಗಂಟಿಕ್ಕುತ್ತದೆ.

“ಇನ್ನೂ ಎರಡು ವಾರ ಇಡು ಅಂತ ಎಷ್ಟ್ ಬಡ್ಕೊಂಡ್ರೂ ಕೇಳಲ್ಲ ಇವನು,” ಎನ್ನುತ್ತಾರೆ. “ಯಾವಾಗ್ಲೂ ಆತುರ.”

ಗಂಡನನ್ನು ಗದರಿದ ಹೆಂಗಸು ಇನ್ನೊಂದು ಗುಟುಕು ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಡೆಸ್ಮಂಡ್ ತೋಳಿನಿಂದ ಕಣ್ಣೊರೆಸಿಕೊಂಡು ಉಳಿದ ಬಾಟಲಿಗಳನ್ನು ತೆರೆಯಲು ತೊಡಗುತ್ತಾನೆ. ಗ್ಲೆನಿಸ್ ತಮ್ಮ ಪಾಲಿನ ಚಿಕ್ಕ ಲೋಟವನ್ನು ಮೂಸಿ, ಒಂದು ಗುಟುಕು ಕುಡಿದು, ಆಕಾಶ ನೋಡುತ್ತಾರೆ. ಬಹಳ ಹೊತ್ತಾದ ಮೇಲೆ ಪಕ್ಕಕ್ಕೆ ಬಂದ ಡೆಸ್ಮಂಡ್‌ಗೆ ಹೇಳುತ್ತಾರೆ: ಬುಡಕ್ಕೆ ಹಾಕಿದ್ದೂ ಬೇರಿನಿಂದ ಹೂವಿಗೆ ಏರಿಯೇ ಇರಬೇಕು, ಲೆಕ್ಕ ಹಾಕಿದರೆ ಪೂರ್ತಿ ಪೊಟ್ಟಣವೂ ಲೋಟಕ್ಕೇ ಬಂದಿದೆ, ಸ್ವಲ್ಪ ಸುತ್ತಿ ಬಳಸಿ ಅಷ್ಟೆ. ಅದು ವಿಜ್ಞಾನವೋ ಸಮಾಧಾನವೋ ಎಂದು ಅವನು ಕೇಳುತ್ತಾನೆ. ಕುಡಿ ಸುಮ್ಮನೆ ಎನ್ನುತ್ತಾರೆ ಗ್ಲೆನಿಸ್.

ಈಗ ಡೆಸ್ಮಂಡ್ ಪೊಟ್ಟಣದ ತೂಕ ಇಳಿದಿದೆ, ಅವನ ಗಂಟಲಿಗೂ ಸುಖವಾಗಿದೆ. ಹಿಂಕೋಣೆಯಲ್ಲಿ ಹನಿ ಬೀಳುವುದು, ಕೆಂಪು ನೀಲಿಯಾಗುವುದು ಎಂದಿನಂತೆಯೇ ನಡೆದಿದೆ. ಇನ್ನೊಂದೂ ಬದಲಾಗಿದೆ. ಪೊಟ್ಟಣ ಕೈಗೆ ಕೊಡುವಾಗ ಗ್ಲೆನಿಸ್ ಅದನ್ನು ತಕ್ಷಣ ಬಿಡುವುದಿಲ್ಲ. ಹೋದ ಸಲದ್ದು ಎಷ್ಟು ಹಾಕಿದೆ, ಎಷ್ಟು ಉಳಿಸಿದೆ ಎಂದು ಕೇಳಿ, ಉತ್ತರ ಬಂದ ಮೇಲೆ ಬೆರಳು ಸಡಿಲಿಸುತ್ತಾರೆ. ಕೆಲವರು ನಾಚುತ್ತಾರೆ, ಕೆಲವರು ಸುಳ್ಳು ಹೇಳುತ್ತಾರೆ. ಸುಳ್ಳು ಹೇಳುವವರು ಯಾರೆಂದು ಅವರಿಗೆ ಗೊತ್ತಾಗುತ್ತದೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೊನೆಗೆ ಕೇಳಿದೆ. ಚೀಟಿಯ ಮೇಲೆ ಹೆಸರು ಎನ್ನುತ್ತಾರೇನೋ ಎಂದುಕೊಂಡಿದ್ದೆ. ಅವರು ತಕ್ಕಡಿಯನ್ನು ಒರೆಸಿ ಅದರ ಜಾಗದಲ್ಲಿಟ್ಟರು.

“ನನ್ನ ಪೊಟ್ಟಣ ಹಿಡಿಸ್ದೇ ಇದ್ರೆ ಬಂದು ಮುಖಕ್ಕೇ ಹೇಳ್ಲಿ ಡಕ್, ಅಷ್ಟೇ. ನಾನೇನು ಅಳಲ್ಲ. ಅತ್ರೂ ಏನಂತೆ, ಕೊಳವೆಗೆ ಹಿಡಿದು ಎಷ್ಟು ಹನಿಗೆ ನೀಲಿ ಆಗುತ್ತೆ ನೋಡ್ತೀನಿ.”